ಟೆಲಿಫೋನ್ ಕಟ್ಟಡದಲ್ಲಿ ಅಮ್ಮನ ಕುರ್ಚಿ

ಬೀದಿಯ ತಿರುವಿನಲ್ಲಿ ಹಳೆಯ ಟೆಲಿಫೋನ್ ಕಟ್ಟಡ ಬೀಗ ಹಾಕಿಕೊಂಡು ನಿಂತಿತ್ತು. ಛಾವಣಿ ಸೋರುತ್ತಿತ್ತು, ಕಿಟಕಿಯ ಗಾಜು ಒಡೆದಿತ್ತು, ಮೆಟ್ಟಿಲ ಮೇಲೆ ಜನ ಕಸ ಸುರಿಯುತ್ತಿದ್ದರು. ಕೆಡವಬೇಕೋ ಉಳಿಸಬೇಕೋ ಎಂದು ಪುರಸಭೆ ಊರವರ ಅಭಿಪ್ರಾಯ ಕೇಳಿತ್ತು.

ಎದುರಿನ ಸಲೂನಿನವನಿಗೆ ಅನುಮಾನವೇ ಇರಲಿಲ್ಲ. "ಕೆಡವಿ ಗಾಡಿ ನಿಲ್ಲಿಸೋಕೆ ಜಾಗ ಮಾಡ್ಲಿ," ಎಂದು ಕತ್ತರಿ ಆಡಿಸುತ್ತಾ ಬಂದವರಿಗೆಲ್ಲ ಹೇಳುತ್ತಿದ್ದ.

ಒಂದು ಬೆಳಗ್ಗೆ ಅವನ ನಾದಿನಿ ಕ್ಯಾಮೆರಾ ಹಿಡಿದು ಆ ಕಟ್ಟಡವನ್ನು ಸುತ್ತತೊಡಗಿದಳು. ಅವಳಿಗೆ ಪತ್ರಾಗಾರದಲ್ಲಿ ಕೆಲಸ. ಊರಿನ ಹಳೆಯ ಕಾಗದಪತ್ರ, ನಕ್ಷೆ, ಫೋಟೋಗಳನ್ನು ಕಾಪಾಡುವ ಕಚೇರಿ ಅದು. ಒಂದೇ ಗೋಡೆಯ ಹತ್ತಾರು ಫೋಟೋ ತೆಗೆಯುವುದನ್ನು ಕಂಡು ಸಲೂನಿನವನಿಗೆ ಸುಮ್ಮನಿರಲಾಗಲಿಲ್ಲ.

"ಏನು ಮಾರಾಯ್ತಿ, ಗೋಡೆಗೆ ಗಂಡು ಹುಡುಕ್ತಿದ್ದೀಯಾ?"

"ಸಿಕ್ಕಿದ್ರೆ ಗಂಡಿಗೆ ನೀವೇ ಗಡ್ಡ ಬೋಳಿಸಿ ಭಾವ," ಎಂದು ಅವಳು ನಕ್ಕಳು. "ಎಲ್ಲಾ ಕಡೆಯಿಂದ ತೆಗೆದ ಫೋಟೋಗಳನ್ನ ಕಂಪ್ಯೂಟರ್ ಒಂದಕ್ಕೊಂದು ಜೋಡಿಸುತ್ತೆ. ಇಡೀ ಕಟ್ಟಡ ಪರದೆ ಮೇಲೆ ಎದ್ದು ನಿಲ್ಲುತ್ತೆ. ತಿರುಗಿಸಿ ನೋಡಬಹುದು, ಒಳಗೂ ಹೋಗಬಹುದು."

"ಒಳಗೇನಿದೆ? ಪಾರಿವಾಳದ ಹಿಕ್ಕೆ!"

"ಈಗ ಅಷ್ಟೇ. ಮೊದಲು ಹೇಗಿತ್ತು ಅಂತ ನಮ್ಮ ನಕ್ಷೆಗಳಲ್ಲಿದೆ. ಮಹಡಿಯ ಹಜಾರದ್ದು ಮಾತ್ರ ಒಂದು ಫೋಟೋನೂ ಇಲ್ಲ. ಅಲ್ಲಿ ಕೆಲಸ ಮಾಡಿದೋರು ಯಾರಾದ್ರೂ ಸಿಕ್ಕಿದ್ರೆ..."

ಸಲೂನಿನವನ ಕತ್ತರಿ ನಿಂತಿತು. "ಮದುವೆಗೆ ಮುಂಚೆ ನಮ್ಮಮ್ಮ ಅಲ್ಲೇ ಏನೋ ಕೆಲಸ ಮಾಡ್ತಿದ್ರಂತೆ. ಏನು ಅಂತ ನಾನು ಕೇಳೇ ಇಲ್ಲ."

ಆ ಸಂಜೆ ಇಬ್ಬರೂ ಮನೆಗೆ ಹೋಗಿ ಕೇಳಿದಾಗ ಅಮ್ಮ ಟ್ರಂಕಿನ ತಳದಿಂದ ಒಂದು ಫೋಟೋ ತೆಗೆದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸಾಲಾಗಿ ಕೂತ ಹುಡುಗಿಯರು, ಎದುರಿಗೆ ವೈರುಗಳ ಜಡೆ. ಬಂದ ಕರೆಗಳಿಗೆಲ್ಲ ಕೈಯಿಂದಲೇ ಲೈನ್ ಜೋಡಿಸಿಕೊಡುವ ಕೆಲಸ ಅವರದು, ಅಮ್ಮನೂ ಅವರಲ್ಲಿ ಒಬ್ಬರು.

"ಕೊಟ್ರೆ ವಾಪಸ್ ಬರೋದುಂಟಾ?" ಎಂದ ಮಗ.

"ಕೊಡೋದೇ ಬೇಡ ಭಾವ. ಇಲ್ಲೇ ಸ್ಕ್ಯಾನ್ ಮಾಡ್ಕೋತೀನಿ. ಫೋಟೋ ಅತ್ತೆ ಹತ್ರಾನೇ ಇರುತ್ತೆ."

ಕಿಟಕಿ ಎಲ್ಲಿತ್ತು, ಮೇಲ್ವಿಚಾರಕಿ ಎಲ್ಲಿ ನಿಂತು ಗದರುತ್ತಿದ್ದರು ಎಂದು ಅಮ್ಮ ಹೇಳುತ್ತಾ ಹೋದರು. ನಾದಿನಿ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಕೆಲವು ವಾರಗಳ ಮೇಲೆ ಅವಳು ಲ್ಯಾಪ್‌ಟಾಪ್ ಹಿಡಿದು ಸಲೂನಿಗೆ ಬಂದಳು. ಅಮ್ಮನೂ ಮಂಡಿನೋವು ಮರೆತು ಬಂದರು. ಪರದೆಯಲ್ಲಿ ಬಾಗಿಲು ತೆರೆಯಿತು, ದೃಶ್ಯ ಮೆಟ್ಟಿಲು ಏರಿ ಮಹಡಿಯ ಹಜಾರಕ್ಕೆ ಬಂತು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ನೊರೆ ಮೆತ್ತಿಕೊಂಡೇ ಎದ್ದು ಬಂದ.

"ಆ ಗೋಡೆ ಯಾಕೆ ಬೂದು ಬಣ್ಣ?" ಸಲೂನಿನವನು ಕೇಳಿದ.

"ಅದು ನಮ್ಮ ಊಹೆ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ತೋರಿಸಬಾರದಲ್ಲ ಭಾವ."

ಅಮ್ಮ ಪರದೆಯ ಮೇಲೆ ಬೆರಳಿಟ್ಟರು. "ಇದು ನನ್ನ ಕುರ್ಚಿ. ನಿಮ್ಮಪ್ಪನ ಧ್ವನಿ ಮೊದಲು ಕೇಳಿದ್ದು ಇಲ್ಲೇ. ತಪ್ಪು ಲೈನ್ ಕೊಟ್ಟೆ ಅಂತ ಫೋನಲ್ಲೇ ಜಗಳಕ್ಕೆ ಬಂದಿದ್ರು."

"ಆಮೇಲೆ?"

"ಆಮೇಲೆ ದಿನಾ ಜಗಳಕ್ಕೆ ಬಂದ್ರು!"

ಎಲ್ಲರೂ ನಕ್ಕರು. ತೀರಿಕೊಂಡ ಅಪ್ಪನ ಈ ಸಂಗತಿ ಮಗನಿಗೆ ಗೊತ್ತೇ ಇರಲಿಲ್ಲ. ಅವನು ಎದುರಿನ ಮಹಡಿಯ ಕಿಟಕಿಯನ್ನೇ ನೋಡುತ್ತಾ ನಿಂತ.

"ಎಲ್ಲಾ ಇದ್ರಲ್ಲೇ ಇದ್ಯಲ್ಲ. ಇನ್ನು ಕೆಡವಿದ್ರೂ ನಡೆಯುತ್ತೆ ಬಿಡಿ," ಎಂದ ಗಿರಾಕಿ.

ನಾದಿನಿ ಬಾಯಿ ತೆರೆಯುವ ಮೊದಲೇ ಸಲೂನಿನವನು ತಿರುಗಿದ. "ಅಪ್ಪನ ಫೋಟೋ ಇದೆ ಅಂತ ಅಪ್ಪನೇ ಬೇಡ ಅಂತೀಯೇನಯ್ಯಾ?"

ಪುರಸಭೆಯ ಸಭೆಯಲ್ಲಿ ಕಟ್ಟಡ ಉಳಿಸಿ ಎಂದು ಮೊದಲು ಎದ್ದು ಮಾತಾಡಿದವನೂ ಅವನೇ. ಅಲ್ಲಿ ಪರದೆಯ ಮೇಲೆ ಕಟ್ಟಡದ ಆ ಮಾದರಿಯನ್ನು ನೋಡಿದ ಜನ ತಾವೂ ಒಂದೊಂದು ನೆನಪು ಹೇಳಿದರು. ಕೆಡವುವ ಮಾತು ನಿಂತಿತು, ಛಾವಣಿಯ ರಿಪೇರಿ ಶುರುವಾಯಿತು. ಈಗ ಆ ಮೆಟ್ಟಿಲ ಮೇಲೆ ಕಸ ಹಾಕಲು ಬಂದವರಿಗೆ ಸಲೂನಿನಿಂದಲೇ ಬೈಗುಳ ಹಾರಿಬರುತ್ತದೆ.

ನಿಮ್ಮ ಬೀದಿಯಲ್ಲೂ ಅಂಥದ್ದೊಂದು ಕಟ್ಟಡ ಇರಬಹುದು, ನಿಮ್ಮ ಟ್ರಂಕಿನಲ್ಲೂ ಒಂದು ಫೋಟೋ ಇರಬಹುದು. ಹರಿದಿದೆ, ಮಾಸಿದೆ ಎಂದು ಎಸೆಯಬೇಡಿ. ಹತ್ತಿರದ ಪತ್ರಾಗಾರಕ್ಕೋ ಗ್ರಂಥಾಲಯಕ್ಕೋ ಒಯ್ದು ತೋರಿಸಿ, ನಕಲು ಕೊಟ್ಟು ಮೂಲವನ್ನು ನೀವೇ ಇಟ್ಟುಕೊಳ್ಳಿ. ಅದಕ್ಕೂ ಮೊದಲು, ಇವತ್ತೇ, ಮನೆಯ ಹಿರಿಯರ ಪಕ್ಕ ಕೂತು ಕೇಳಿ: "ಆಗ ಅಲ್ಲಿ ಏನಿತ್ತು?"