ಶಿಖರದ ನಾಲ್ಕನೆಯ ತುಂಡು

ಈ ಕತೆಯನ್ನು ಮೊದಲು ಹೇಳಿದವನು ಅದರೊಳಗೇ ಇರುವ ಹಾಲಸ್ವಾಮಿ. ಹೋದ ಕಾರ್ತಿಕದ ಒಂದು ಸಂಜೆ, ನ್ಯಾಮತಿಯ ಮಠದ ಕಟ್ಟೆಯ ಮೇಲೆ, ಐದಾರು ಮಂದಿಯೆದುರು.

ಕೊಟ್ರೇಶನನ್ನು ಮಣ್ಣು ಮಾಡಿದ ದಿನ ಬೆಳಿಗ್ಗೆ, ಅವನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಹಾಲಸ್ವಾಮಿ ಗೇಣುದ್ದದ ಅಲ್ಯೂಮಿನಿಯಂ ತುಂಡೊಂದನ್ನು ಚೌಕಟ್ಟಿಗೆ ಹಿಡಿದು ನೋಡುತ್ತಿದ್ದ. ಆಚೆ ಪಡಸಾಲೆಯಲ್ಲಿ, ಗೋಡೆಗೊರಗಿಸಿ ಕೂರಿಸಿದ್ದ ಕೊಟ್ರೇಶನ ಹಣೆಗೆ ವಿಭೂತಿ ಬಳಿಯುತ್ತಿದ್ದರು. ಆತ ನಿವೃತ್ತ ಪೋಸ್ಟ್‌ಮನ್. ಸತ್ತವರನ್ನು ಕೂರಿಸಿ ಹೊರುವ ವಿಮಾನವನ್ನು ಪ್ರತಿ ಸಲ ಬಿದಿರಿನಲ್ಲಿ ಕಟ್ಟಿ ಬಿಚ್ಚುವ ಬದಲು, ಊರಿಗೆಲ್ಲ ಬಾಳುವಂಥದೊಂದನ್ನು ಅಲ್ಯೂಮಿನಿಯಂನಲ್ಲಿ ಮಾಡುತ್ತಿದ್ದ. ಅದರಲ್ಲಿ ಮೊದಲು ಕೂರುವವನು ತಾನೇ ಆದ. ಉಳಿದದ್ದು ಅದರ ತುದಿಯ ಶಿಖರದ ನಾಲ್ಕನೆಯ ಬದಿ ಮಾತ್ರ. ಅದರ ತುಂಡನ್ನೂ ಕೊಯ್ದಿಟ್ಟಿದ್ದ, ಕೂರಿಸಿರಲಿಲ್ಲ; ಅದಕ್ಕೇ ಹಾಲಸ್ವಾಮಿಯನ್ನು ಕರೆಸಿದ್ದರು.

"ರಿವೆಟ್ ಹೊಡೆದುಬಿಡಪ್ಪಾ, ಹೊತ್ತಾತು!" ಎಂದು ಗೋವಿನಕೋವಿಯ ಗುರುಬಸವರಾಜ್ ಹೊರಗಿನಿಂದ ಕೂಗಿದ. "ಕೊಯ್ಯೋದೆಲ್ಲ ಕೊಟ್ರೇಶಣ್ಣನೇ ಮುಗಿಸ್ಯಾನೆ. ನಿಂದೇನೈತೆ, ಬರೀ ಬಡಿಯೋದು!"

ಹಾಲಸ್ವಾಮಿ ಮತ್ತೊಮ್ಮೆ ಹಿಡಿದು ನೋಡಿದ. ತುಂಡು ಒಂದು ನೂಲು ಗಿಡ್ಡವಾಗಿತ್ತು, ಅಕ್ಕಿಕಾಳಿನ ದಪ್ಪದಷ್ಟು. ಮೂಲೆಯಲ್ಲಿ ಬೆಳಕು ತೂರಿ ಬರುತ್ತಿತ್ತು. ಹೆಣವಿದ್ದ ಮನೆಯಲ್ಲಿ ಅವನಿಗೆ ನಗು ಬಂತು.

*

ಹೊನ್ನಾಳಿ ರಸ್ತೆಯಲ್ಲಿ ಅಲ್ಯೂಮಿನಿಯಂ ಕಿಟಕಿ-ಬಾಗಿಲಿನ ಅಂಗಡಿ ಇದ್ದದ್ದು ಹಾಲಸ್ವಾಮಿಗೆ. ಕಟಿಂಗ್ ಮಿಷನ್ ಇದ್ದದ್ದೂ ಅವನಿಗೇ. ಹೆಸರಿದ್ದದ್ದು ಮಾತ್ರ ಮನೆಯಲ್ಲಿ ಕೂತು ಕೈಗರಗಸ ಎಳೆಯುವ ಕೊಟ್ರೇಶನಿಗೆ. ಎಂಟು ವರ್ಷದ ಹಿಂದೆ ಗುರುಬಸವರಾಜ್, ಹಾಲಸ್ವಾಮಿ ಮಾಡಿಕೊಟ್ಟ ಸೊಳ್ಳೆಪರದೆಯ ಬಾಗಿಲನ್ನು ಆ ಶೆಡ್ಡಿಗೊಯ್ದ. ಕೊಟ್ರೇಶ ಎರಡು ದಿನ ಅರದಿಂದ ಉಜ್ಜಿ ಮೂಲೆಗಳನ್ನು ಕೂಡಿಸಿಕೊಟ್ಟ. ಗುರುಬಸವರಾಜ್ ಅದನ್ನು ಆಟೋದಲ್ಲಿ ಹೇರಿಕೊಂಡು ಬಂದು, ಬೇಕೆಂದೇ ಅಂಗಡಿಯ ಮುಂದೆ ನಿಲ್ಲಿಸಿದ.

"ಈ ಮೂಲ್ಯಾಗೆ ಬ್ಲೇಡು ತೂರ್ಸು ನೋಡಾಣ."

ಹಾಲಸ್ವಾಮಿ ತೂರಿಸಿ ನೋಡಿದ. ಹೋಗಲಿಲ್ಲ. ಅಂದು ಅವನಿಗೆ ಅನ್ನ ಸೇರಲಿಲ್ಲ. ಆಮೇಲೆ ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಮೂಲೆ ನೋಡುವ ಚಟ ಬಿತ್ತು. ಅದು ಕೊಟ್ರೇಶನ ಕೆಲಸವಾದರೆ ಕೊಟ್ಟ ಚಹಾ ಕಹಿಯಾಗುತ್ತಿತ್ತು.

*

ಗಿಡ್ಡ ತುಂಡನ್ನು ಹಾಲಸ್ವಾಮಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಊರೆಲ್ಲ ಸೇರಿದಾಗ ಕೊಟ್ರೇಶನ ಈ ತಪ್ಪನ್ನು ತೋರಿಸಬೇಕು. ಆದರೆ ಅದಕ್ಕೆ ಮೊದಲು ಸರಿಯಾದದ್ದು ಕೂತಿರಬೇಕು. ತನ್ನ ಚೀಲದಿಂದ ಹೊಸ ತುಂಡು ತೆಗೆದು ಕೊಯ್ದ. ಕೊಟ್ರೇಶನ ಅರದಿಂದಲೇ ಉಜ್ಜಿದ; ಉಜ್ಜಿ ಹಿಡಿದು, ಹಿಡಿದು ಉಜ್ಜಿ, ಮೂಲೆಯ ಬೆಳಕು ಸಾಯುವ ತನಕ. ಅಂಥ ಕೆಲಸ ಅವನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಗುಂಡಿಯ ಬಳಿ ವಿಮಾನ ಇಳಿಸಿದಾಗ ಗುರುಬಸವರಾಜ್ ಶಿಖರವನ್ನು ಸವರಿದ. "ಏನ್ ಕೈ ರೀ ಕೊಟ್ರೇಶಣ್ಣಂದು! ಎಲ್ಲಿ ಕೂಡ್ಸ್ಯಾನೆ ಅಂತ ಕಣ್ಣಿಗೇ ಸಿಗಂಗಿಲ್ಲ."

ಹಾಲಸ್ವಾಮಿಯ ಕೈ ಸೊಂಟಕ್ಕೆ ಹೋಯಿತು. ತುಂಡು ಅರ್ಧ ಹೊರಬಂದಿತ್ತು. ಪಕ್ಕದಲ್ಲಿ ಕೊಟ್ರೇಶನ ಹೆಂಡತಿ ಶಿವಗಂಗಮ್ಮ ತಗ್ಗಿದ ದನಿಯಲ್ಲಿ ಕೇಳಿದಳು: "ಹಾಲಣ್ಣಾ, ಅವರು ಕೊಯ್ದಿದ್ದು ಸರಿಯಿರ್ಲಿಲ್ಲ, ಅಲ್ಲಾ?"

ಅವನು ತುಂಡನ್ನು ಅಂಗಿಯಡಿಗೆ ಸರಿಸಿದ.

"ಎಲ್ಡು ತಿಂಗ್ಳಿಂದ ಕಣ್ಣು ಮಂಜಾಗಿತ್ತು. 'ಊರಿಗೆಲ್ಲ ಗೊತ್ತಾದ್ರೂ ಆಗ್ಲಿ, ಹಾಲಸ್ವಾಮಿಗೆ ಮಾತ್ರ ಗೊತ್ತಾಗಬಾರ್ದು' ಅಂತಿದ್ರು."

ಎಲ್ಲರೂ ಗುಂಡಿಗೆ ಬಿಲ್ವಪತ್ರೆ ಹಾಕಿದರು. ಹಾಲಸ್ವಾಮಿಯ ಬೊಗಸೆಯ ಪತ್ರೆಯಡಿಯಿಂದ ಏನೋ ಮಿಂಚಿ ಬಿತ್ತು. ಮಣ್ಣೆಳೆದರು.

*

ಕತೆ ಮುಗಿದಾಗ ಮಠದ ಕಟ್ಟೆಯ ಮೇಲಿನವರು ವಿಮಾನದತ್ತ ತಿರುಗಿದರು. ಅದು ಅಲ್ಲೇ ಗೋಡೆಯ ಬದಿಗೆ ನಿಂತಿತ್ತು.

"ಹಂಗಾರೆ ಆ ಗಿಡ್ಡ ತುಂಡು ತೋರ್ಸು," ಎಂದ ಗುರುಬಸವರಾಜ್.

"ಹೇಳಿದ್ನಲ್ಲೋ, ಗುಂಡ್ಯಾಗೈತೆ."

"ಸತ್ತೋರ ಮ್ಯಾಲೂ ಹೊಟ್ಟೆಕಿಚ್ಚೇನೋ ನಿಂದು!"

ನಕ್ಕರು. ಪಂಚೆ ಕೊಡವಿಕೊಂಡು ಎದ್ದರು, ಚಪ್ಪಲಿ ಹುಡುಕಿಕೊಂಡರು. ಮನೆಗೆ ಹೊರಡುವಾಗ ಒಬ್ಬೊಬ್ಬರೂ ಬಗ್ಗಿ, ಶಿಖರದ ನಾಲ್ಕೂ ಮೂಲೆಗಳನ್ನು ಉಗುರಿನಿಂದ ಕೆರೆದು ನೋಡಿದರು. ಯಾರ ಉಗುರೂ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.