ಕಾರ್ಡಿನ ಮಗಳು

ಮುನಿಯಮ್ಮನ ಬಾಯಿಗೆ ಹೆದರದವರು ಆ ಎಸ್ಟೇಟಿನಲ್ಲಿ ಇಬ್ಬರೇ. ಒಬ್ಬ, ಆಳುಗಳ ಲೆಕ್ಕ ಬರೆಯುವ ರೈಟರ್ ರಂಗಸ್ವಾಮಿ. ಇನ್ನೊಬ್ಬಳು ಅವಳ ಮನೆಯಲ್ಲೇ ಇದ್ದು, ಅವಳ ಅನ್ನ ತಿಂದು, ಅವಳಿಗೇ ಎದುರು ಮಾತಾಡುವ ತವಮಣಿ. ಈ ಇಬ್ಬರ ದೆಸೆಯಿಂದ ತೊಂಬತ್ತೊಂದನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಮುನಿಯಮ್ಮ ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಲ್ಲಬೇಕಾಯಿತು.

ಮೇ ತಿಂಗಳಲ್ಲಿ ತಮಿಳುನಾಡಿನಲ್ಲಿ ಮಾಜಿ ಪ್ರಧಾನಿಯನ್ನು ಕೊಂದ ಬಾಂಬು ಸಿಡಿದಂದಿನಿಂದ ಸಿಲೋನಿನವರೆಂದರೆ ಎಲ್ಲರಿಗೂ ಕೆಂಡ. ಹೆತ್ತೂರಿನ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದರೂ ಮುಖ ತಿರುಗಿಸುತ್ತಿದ್ದರು. ಆಳುಗಳ ಮನೆಗಳ ಸಾಲಿನ, ಅಂದರೆ ಲೈನಿನ, ನಲ್ಲಿಯ ಹತ್ತಿರ ಪಕ್ಕದ ಮನೆಯ ಭದ್ರಮ್ಮ ಮುನಿಯಮ್ಮನ ಬಿಂದಿಗೆಯನ್ನು ಕಾಲಿನಿಂದ ಒದ್ದಿದ್ದಳು. ಪೊಲೀಸರು ತೋಟ ತೋಟ ಸುತ್ತಿ ಕಾಗದ ನೋಡತೊಡಗಿದರು. ಎರಡು ಸರ್ಕಾರಗಳ ಒಪ್ಪಂದದ ಮೇಲೆ ಹಡಗಿನಲ್ಲಿ ಬಂದವರು ಇಲ್ಲಿನ ಪ್ರಜೆಗಳು, ಅವರು ಇರಬಹುದು. ಗಲಭೆಗೆ ಹೆದರಿ ದೋಣಿ ಹತ್ತಿ ಬಂದವರು ವಿದೇಶಿಯರು, ಅವರು ಕ್ಯಾಂಪಿಗೆ ಹೋಗಬೇಕು, ಕ್ಯಾಂಪಿನಿಂದ ವಾಪಸ್ಸು.

ಮುನಿಯಮ್ಮ ಹನ್ನೆರಡು ವರ್ಷದ ಹಿಂದೆ ಹಡಗಿನಲ್ಲಿ ಬಂದವಳು. ಸರ್ಕಾರ ಕೊಟ್ಟ ಕಾರ್ಡಿನಲ್ಲಿ ಮೂರು ಹೆಸರಿದ್ದವು: ಗಂಡ ಕರುಪ್ಪಯ್ಯ, ಅವಳು, ಎಂಟು ವರ್ಷದ ಮಗಳು ವಳ್ಳಿ. ಆ ವರ್ಷವೇ ಸುಳ್ಯದ ಕಡೆಯ ರಬ್ಬರ್ ತೋಟದಲ್ಲಿ ಜ್ವರ ಬಂದು ವಳ್ಳಿ ತೀರಿಕೊಂಡಳು. ಅದನ್ನು ಯಾವ ಆಫೀಸಿನಲ್ಲೂ ಯಾರೂ ಬರೆಸಲಿಲ್ಲ; ಗಂಡ ಹೆಂಡತಿ ಆ ತೋಟ ಬಿಟ್ಟು ಈ ಎಸ್ಟೇಟಿಗೆ ಬಂದರು. ಕಾರ್ಡಿನಲ್ಲಿ ಮಾತ್ರ ಅವಳು ಬದುಕಿಯೇ ಇದ್ದಳು. ಹೋದ ವರ್ಷ ಕರುಪ್ಪಯ್ಯ ರಾಮೇಶ್ವರಕ್ಕೆ ಹೋಗಿ, ದೋಣಿಯಲ್ಲಿ ಬಂದಿಳಿದಿದ್ದ ತನ್ನ ತಮ್ಮನ ಮಗಳು ತವಮಣಿಯನ್ನು ಕರೆತಂದ. ಅವಳ ಅಪ್ಪ ಅಮ್ಮನನ್ನು ಸಿಲೋನಿನ ಗಲಭೆಯಲ್ಲಿ ಕಡಿದುಹಾಕಿದ್ದರು. ಲೈನಿನವರಿಗೆ ಅವನು, ಇವಳೇ ನಮ್ಮ ವಳ್ಳಿ, ಸೇಲಂನ ಅಜ್ಜಿಯ ಮನೆಯಲ್ಲಿದ್ದಳು ಎಂದ. ಹಾಗೆಂದವನು ಚಳಿಗಾಲದಲ್ಲಿ ಸತ್ತೂಹೋದ. ಸುಳ್ಳು ಮಾತ್ರ ಮುನಿಯಮ್ಮನ ತಲೆಗೆ ಕಟ್ಟಿತು. ಸತ್ತ ಮಗಳ ಹೆಸರಿಗೆ ಇವಳು ಓ ಎನ್ನುವಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ರಂಗಸ್ವಾಮಿಗೆ ಅವಳ ಮೇಲೆ ಹಳೆಯ ಹಗೆ. ಮಳೆಗಾಲದಲ್ಲಿ ಆಳುಗಳಿಗೆ ಕೊಡಬೇಕಾದ ಕಂಬಳಿಗಳನ್ನು ಅವನು ಮಾರಿಕೊಂಡಾಗ ಸಕಲೇಶಪುರಕ್ಕೆ ಹೋಗಿ ಲೇಬರ್ ಆಫೀಸರಿಗೆ ಹೇಳಿಬಂದವಳು ಇವಳೇ. ಈಗ ಅವನು ದೂರು ಕೊಟ್ಟು, ಠಾಣೆಯಲ್ಲಿ ಎಎಸ್‌ಐ ಮೃತ್ಯುಂಜಯನ ಪಕ್ಕ ಕೈಕಟ್ಟಿ ನಿಂತಿದ್ದ.

"ಈ ಹುಡುಗಿ ವಳ್ಳಿ ಅಲ್ಲ ಸಾರ್. ಪ್ರತಿ ವರ್ಷ ಹಿರಿಯರ ಅಮಾಸೆಗೆ ಇವ್ಳು ಹೆಣ್ಮಗೀಗೆ ಎಡೆ ಇಡ್ತಾಳೆ. ಸಣ್ಣ ಲಂಗ ಇಟ್ಟು ಅಳ್ತಾಳೆ. ಲೈನೆಲ್ಲ ನೋಡೈತೆ. ಕಾರ್ಡಲ್ಲಿರೋದು ಒಂದೇ ಮಗೀನ ಹೆಸ್ರು."

"ಸುಳ್ಳು," ಎಂದಳು ಮುನಿಯಮ್ಮ. "ನಂಗೆ ಸತ್ತ ಮಕ್ಕಳೇ ಇಲ್ಲ."

ಕಾರ್ಡು ಮಾಡಿಸುವ ಮೊದಲೇ ಒಂದು ಮಗು ಹೋಗಿತ್ತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೋಪ ಬಂದಾಗ ಅವಳ ನಾಲಿಗೆ ತಲೆಯನ್ನು ಕೇಳುವುದಿಲ್ಲ.

ಮೃತ್ಯುಂಜಯ ಅದನ್ನು ಬರೆದುಕೊಂಡ. "ಅವರಿವರ ಮಾತು ನನಗೆ ಬೇಡ. ಅಮಾಸೆ ದಿನ ನಾನೇ ಬರ್ತೀನಿ. ಹೆಣ್ಮಗೀನ ಎಡೆ ಕಂಡ್ರೆ ಇವ್ಳು ಕ್ಯಾಂಪಿಗೆ, ನೀನು ಜೈಲಿಗೆ."

ಆದರೆ ಸಂತೆಯಲ್ಲಿ ಅವಳಾಗಲೇ ಲಂಗ ಕೊಂಡಾಗಿತ್ತು. ಎಂಟು ವರ್ಷದವಳ ಅಳತೆ, ಹಳದಿ, ಕೆಂಪು ಅಂಚು. ಅದನ್ನು ಅಕ್ಕಿಯ ಡಬ್ಬದ ತಳಕ್ಕೆ ತುರುಕಿದಳು. ಪೊಲೀಸರು ಹೋದ ಮೇಲೆ ಎಡೆಗಿಟ್ಟರಾಯಿತು ಎಂದು ಅವಳ ಲೆಕ್ಕ. ಮಧ್ಯಾಹ್ನಕ್ಕೆ ಹಸಿದು ಬರುವ ಮಗುವನ್ನು ಸ್ವಲ್ಪ ಕಾಯಿಸಬೇಕಾಗುತ್ತದೆ, ಅಷ್ಟೇ.

ಅಮಾವಾಸ್ಯೆಯ ಬೆಳಿಗ್ಗೆ ತವಮಣಿ, "ಪೆರಿಯಮ್ಮಾ, ನಾನು ಎಲ್ಲಾದರೂ ಓಡಿಹೋಗಲಾ?" ಎಂದು ತಮಿಳಿನಲ್ಲಿ ಕೇಳಿದಳು. ಅಪ್ಪನ ಅಣ್ಣನ ಹೆಂಡತಿಯನ್ನು ಅವರಲ್ಲಿ ಕರೆಯುವುದು ಹಾಗೆ.

"ಹೋಗಿ ಸಾಯಿ. ಮೊದಲು ಸೌದೆ ಒಡಿ."

ಹನ್ನೆರಡಕ್ಕೆ ಜೀಪು ಬಂತು. ಗೋಡೆಯ ಬುಡದಲ್ಲಿ ಕರುಪ್ಪಯ್ಯನ ಎಡೆಯೊಂದೇ ಇತ್ತು: ಅನ್ನ, ಕೋಳಿಸಾರು, ಬೀಡಿ, ಒಂದು ಪಂಚೆ. ಭದ್ರಮ್ಮ ಮತ್ತು ಲೈನಿನ ಹೆಂಗಸರು ಬಾಗಿಲಿಗೆ ಮುತ್ತಿದರು. ರಂಗಸ್ವಾಮಿ ಕೆಸರುಗಾಲಲ್ಲೇ ಒಳಗೆ ಬಂದ. ಟ್ರಂಕು ತೆಗೆಸಿದ, ಚಾಪೆ ಕೊಡವಿದ, ಕೊನೆಗೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದ. ಹಳದಿ ಲಂಗವನ್ನು ಎಳೆದು ಎತ್ತಿಹಿಡಿದಾಗ ಅಕ್ಕಿಕಾಳು ನೆಲಕ್ಕೆಲ್ಲ ಉದುರಿದವು.

"ನೋಡಿ ಸಾರ್. ಈ ಎಮ್ಮೆಯಂಥೋಳಿಗೆ ಇದು ಆಯ್ತದಾ?"

ಅವನು ತವಮಣಿಯತ್ತ ಕೈ ಮಾಡಿದ. ಮೃತ್ಯುಂಜಯ, "ಏನಮ್ಮಾ ಇದು?" ಎಂದ.

ಒಲೆಯ ಮೇಲೆ ಇನ್ನೊಂದು ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಮುನಿಯಮ್ಮ ಎದ್ದಳು, ರಂಗಸ್ವಾಮಿಯ ಕೈಯಿಂದ ಲಂಗ ಕಿತ್ತುಕೊಂಡಳು.

"ಮಸಿಬಟ್ಟೆ."

ಅದನ್ನು ಎರಡಾಗಿ ಮಡಚಿ, ಮಸಿ ಹಿಡಿದ ಪಾತ್ರೆಯ ಕಂಠಕ್ಕೆ ಸುತ್ತಿ ಕೆಳಗಿಳಿಸಿದಳು. ಕೆಂಪು ಅಂಚು ಕಪ್ಪಾಯಿತು. ಗಂಜಿ ಬಗ್ಗಿಸಿದಳು, ಚೆಲ್ಲಿದ್ದನ್ನು ಅದರಿಂದಲೇ ಒರೆಸಿದಳು. ಬಳಿಕ ರಂಗಸ್ವಾಮಿಯ ಕಾಲಿನ ಕೆಸರು ಬಿದ್ದ ಜಾಗವನ್ನೂ ಬಿಡದೆ ತಿಕ್ಕಿದಳು. ಒಂದು ಗಳಿಗೆ ತಡೆದರೂ ತವಮಣಿ ಸತ್ತಳು ಎಂಬುದು ಅವಳಿಗೆ ಗೊತ್ತಿತ್ತು.

"ಹೊಸಾ ಬಟ್ಟೇಲಿ ಯಾರಮ್ಮ ಮಸಿಬಟ್ಟೆ ಮಾಡ್ತಾರೆ?" ಎಂದ ಮೃತ್ಯುಂಜಯ.

"ಹಳೇದು ಎಲ್ಲೈತೆ ಸ್ವಾಮಿ? ರೈಟ್ರು ಕಂಬಳಿ ಮಾರ್ಕಂಡ ವರ್ಷ ಮನೇಲಿದ್ದ ಹಳೇ ಬಟ್ಟೆ ಎಲ್ಲಾ ಹೊದ್ದು ಹರಿದೋಯ್ತು. ಸಂತೇಲಿ ಇದೇ ಅಗ್ಗ ಇತ್ತು. ಇಲಿ ಕಡೀಬಾರ್ದು ಅಂತ ಅಕ್ಕಿ ಡಬ್ಬದಾಗೆ ಇಟ್ಟಿದ್ದೆ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ರಂಗಸ್ವಾಮಿಯ ಕಿವಿ ಕೆಂಪಾಯಿತು. ಮೃತ್ಯುಂಜಯ ನೆಲದ ಮೇಲಿನ ಕರಿ ಚಿಂದಿಯನ್ನೂ ಅವಳ ಮುಖವನ್ನೂ ನೋಡಿದ. ಸತ್ತ ಮಗುವಿನ ಎಡೆಬಟ್ಟೆಗೆ ಯಾವ ತಾಯಿಯೂ ಹಾಗೆ ಮಾಡುವುದಿಲ್ಲ ಎಂದುಕೊಂಡಿರಬೇಕು. ವಳ್ಳಿ, ಇಪ್ಪತ್ತು ವರ್ಷ, ಜೀವಂತ, ಭಾರತದ ಪ್ರಜೆ ಎಂದು ಬರೆದು ಮುನಿಯಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ.

"ಮುಂದಿನ ವರ್ಷದ ಅಮಾಸೆಗೂ ಬರ್ತೀನಿ ಕಣಮ್ಮಿ," ಎಂದು ಹೇಳಿ ರಂಗಸ್ವಾಮಿ ಜೀಪು ಹತ್ತಿದ.

ಹೆಂಗಸರು ಚದುರಿದರು. ಮುನಿಯಮ್ಮ ಬಾಗಿಲು ಹಾಕಿ ಗೋಡೆಗೊರಗಿ ಕೂತಳು. ಇನ್ನು ಮಗಳಿಗೆ ಎಡೆಯಿಲ್ಲ, ಈ ವರ್ಷವೂ ಇಲ್ಲ, ಯಾವ ವರ್ಷವೂ ಇಲ್ಲ. ತವಮಣಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿಯಹೋದಳು.

"ಪೆರಿಯಮ್ಮಾ..."

ಮುನಿಯಮ್ಮ ಅವಳ ಕೆನ್ನೆಗೆ ಬಾರಿಸಿದಳು. ಪಕ್ಕದ ಮನೆಯಲ್ಲಿ ಭದ್ರಮ್ಮನ ಪಾತ್ರೆಯ ಸದ್ದು ತಟ್ಟನೆ ನಿಂತಿತು.

"ಅಮ್ಮ ಅನ್ನು," ಎಂದಳು, ಹಲ್ಲುಕಚ್ಚಿ, ಮೆಲ್ಲಗೆ.

ಹುಡುಗಿ ಅಳುತ್ತಾ ಅಂದಳು. ಮುನಿಯಮ್ಮ ಇನ್ನೊಮ್ಮೆ ಹೇಳಿಸಿದಳು, ಈ ಸಲ ಗೋಡೆಯಾಚೆಗೆ ಕೇಳಿಸುವಷ್ಟು ಜೋರಾಗಿ.