ಹಸಿರು ಪೆನ್ನಿಗೆ ಒಪ್ಪಿದ ಇಂಕು

ನನ್ನ ಹತ್ತಿರ ಏಳು ಇಂಕ್ ಪೆನ್ನುಗಳಿವೆ. ಒಂದೂ ಬೆಲೆಬಾಳುವಂಥದ್ದಲ್ಲ, ಶಾಲೆಯ ಮಕ್ಕಳ ಚೀಲದಲ್ಲಿ ಸಿಗುವಂಥವೇ. ಆದರೆ ಯಾವ ಪೆನ್ನಿಗೆ ಯಾವ ಇಂಕು ಎಂಬುದರಲ್ಲಿ ನಾನು ಬಲು ಕಟ್ಟುನಿಟ್ಟು. ಬೂದು ಪೆನ್ನು ಧಾರಾಳಿ, ಇಂಕನ್ನು ಕಕ್ಕುತ್ತದೆ. ಅದಕ್ಕೆ ಸ್ವಲ್ಪ ಗಟ್ಟಿ ಸ್ವಭಾವದ ಕಂದು ಇಂಕೇ ಸರಿ. ಸಣ್ಣ ಕೆಂಪು ಪೆನ್ನು ಜಿಪುಣ. ಅದಕ್ಕೆ ಸಲೀಸಾಗಿ ಹರಿಯುವ ನೇರಳೆ. ಹಸಿರು ಪೆನ್ನಿಗೆ ಮಾತ್ರ ಮೂರು ವರ್ಷ ಹುಡುಕಿದೆ. ಕೊನೆಗೆ ನವಿಲು ಬಣ್ಣದ ಒಂದು ಇಂಕು ತುಂಬಿದಾಗ ಅದು ಕಾಗದದ ಮೇಲೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿತು. ಅವತ್ತಿಡೀ ದಿನ ಹಳೆಯ ಪತ್ರಿಕೆಗಳ ಅಂಚಿನಲ್ಲೆಲ್ಲ ನನ್ನ ಹೆಸರನ್ನೇ ಬರೆದೆ.

ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಈ ಹುಚ್ಚು ಇನ್ನೂ ಹೆಚ್ಚಿತು. ನನ್ನ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೇಲರಮ್ಮ ನಗುತ್ತಿದ್ದರು.

"ಅಕ್ಕಾ, ನಿಮ್ದು ಮದುವೆ ಬ್ರೋಕರ್ ಕೆಲಸ ಆಯ್ತಲ್ಲ! ಯಾವ ಸಂಬಂಧ ಕೂಡಿಬಂತು ಇವತ್ತು?"

ಒಂದು ಮಧ್ಯಾಹ್ನ ಅವರು ತಮ್ಮ ಅಳತೆ ಪುಸ್ತಕವನ್ನು ಎದೆಗವಚಿಕೊಂಡು ಮೇಲೆ ಬಂದರು. ನಲವತ್ತು ವರ್ಷದ ಪುಸ್ತಕ. ಪೆನ್ಸಿಲ್ ಬರಹ ಮಸುಕಾಗಿತ್ತು, ಅಂಚುಗಳನ್ನು ಹುಳ ತಿಂದಿತ್ತು.

"ಕಣ್ಣು ಹೋಗ್ತಾ ಇದೆ ಅಕ್ಕ. ಹೋಗಿದ್ದು ಬರಲ್ಲ ಅಂದ್ರು ಡಾಕ್ಟರು. ಅಂಗಡಿ ಇನ್ನು ಸೊಸೇದು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಅವಳಿಗೆ ಅರ್ಥವಾಗಲ್ಲ. ನೀವು ಒಂದ್ಸಲ ಚೆನ್ನಾಗಿ ಬರ್ದು ಕೊಟ್ಬಿಡಿ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ನೀರಿಗೆ ಹೋಗದಂಥ ಇಂಕಲ್ಲಿ ಬರೀರಿ. ನನ್ನ ಮೇಜು ಗೊತ್ತಲ್ಲ ನಿಮ್ಗೆ."

ಗೊತ್ತಿತ್ತು. ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಸದಾ ನೀರಿನ ಬಟ್ಟಲು. ಹೊಲಿಗೆಯ ಮೇಲೆ ಬೆರಳಿನಿಂದ ನೀರು ಚಿಮುಕಿಸಿ ಇಸ್ತ್ರಿ ಹಾಕುವುದು ಅವರ ಕ್ರಮ. ಬಟ್ಟಲಿನಿಂದ ಒಂದು ಗೇಣು ದೂರದಲ್ಲಿ ಅಳತೆ ಪುಸ್ತಕ.

ನೀರಿಗೆ ಅಳಿಯದ ಕಪ್ಪು ಇಂಕು ನನ್ನ ಬೀರುವಿನಲ್ಲೇ ಇತ್ತು. ಆದರೆ ಆ ಇಂಕು ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಒಣಗಿ ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಹಿಂದೆ ಒಂದು ಪೆನ್ನು ಅದರಿಂದಲೇ ಹಾಳಾಗಿತ್ತು. ಹಸಿರು ಪೆನ್ನಿಗೆ ಅದನ್ನು ಕುಡಿಸಲು ನನಗೆ ಮನಸ್ಸು ಬರಲಿಲ್ಲ. ನವಿಲು ಬಣ್ಣ ನೀರು ಕಂಡರೆ ಓಡಿಹೋಗುತ್ತದೆ ಎಂಬುದು ಗೊತ್ತಿದ್ದೂ ಅದನ್ನೇ ತುಂಬಿದೆ. 'ಯಾರು ಪುಸ್ತಕದ ಮೇಲೆ ನೀರು ಸುರಿಯುತ್ತಾರೆ' ಎಂದುಕೊಂಡೆ.

ಎರಡು ವಾರ ಬರೆದೆ. ಅಂಥ ಸುಖದ ಬರವಣಿಗೆ ನನ್ನ ಬದುಕಿನಲ್ಲಿ ಕಡಿಮೆ. ಅಳತೆಗಳ ನಡುವೆ ಟೇಲರಮ್ಮ ತಮಗೆ ತಾವೇ ಬರೆದುಕೊಂಡ ಮಾತುಗಳಿದ್ದವು. ಬೇಕರಿಯವಳ ಪುಟದಲ್ಲಿ: 'ಬಲಭುಜ ಅರ್ಧ ಇಂಚು ಇಳಿದಿದೆ. ಒಳಗೆ ಪಟ್ಟಿ ಇಡು. ಅವಳಿಗೆ ಹೇಳಬೇಡ.' ಅಂಚೆಯವನ ಪುಟದಲ್ಲಿ: 'ತೂಕ ಇಳಿಯುತ್ತಿದೆ. ಸೊಂಟ ಬಿಗಿ ಮಾಡುವಾಗ ಬಟ್ಟೆಯೇ ಹಿಗ್ಗಿದೆ ಅನ್ನು.' ಊರಿನ ಅರ್ಧ ಜನ ನೆಟ್ಟಗೆ ಕಾಣುತ್ತಿದ್ದದ್ದು ಈ ಹೆಂಗಸಿನ ಬಾಯಿಬಿಗಿಯಿಂದ. ಅದನ್ನು ಓದಿ ಕಣ್ಣು ಒರೆಸಿಕೊಂಡೆ. ಒರೆಸಿಕೊಂಡು ಅದೇ ಓಡಿಹೋಗುವ ಇಂಕಿನಲ್ಲಿ ಬರೆದೆ.

ಪುಸ್ತಕ ಕೊಟ್ಟ ದಿನ ಟೇಲರಮ್ಮ ಹಾಳೆಗಳ ಮೇಲೆ ಕೈಯಾಡಿಸಿದರು. ಸೊಸೆ, "ಅತ್ತೆ, ಅಚ್ಚು ಹಾಕಿದ ಹಾಗಿದೆ!" ಎಂದಳು.

"ಹಳೇದನ್ನ ಇಟ್ಕೊಳ್ಳಲಾ ಅಕ್ಕ?" ಎಂದು ಟೇಲರಮ್ಮ ಕೇಳಿದರು.

"ಯಾಕೆ? ಹುಳದ ಗೂಡು ಅದು. ನಾಳೆ ಬಟ್ಟೆಗೂ ಹತ್ತುತ್ತೆ" ಎಂದೆ. ನನ್ನ ಮಾತಿನ ಮೇಲೆ ಅದು ರದ್ದಿಗೆ ಹೋಯಿತು.

ಇಪ್ಪತ್ತು ದಿನ ಕಳೆದಿರಬಹುದು. ಮೆಟ್ಟಿಲ ಮೇಲೆ ತಡವರಿಸುವ ಹೆಜ್ಜೆ ಕೇಳಿಸಿತು. ಟೇಲರಮ್ಮನ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಪುಸ್ತಕ. ಟವೆಲ್ಲೆಲ್ಲ ನವಿಲು ಬಣ್ಣ.

"ಅಕ್ಕಾ, ಬೈಬೇಡಿ. ನನ್ನ ಮೊಣಕೈ ತಗುಲಿ ಬಟ್ಟಲು ಮಗುಚಿಬಿಡ್ತು. ನಿಮ್ಮ ಮುತ್ತಿನಂಥ ಅಕ್ಷರ… ಎರಡು ವಾರ ಕೂತು ಬರ್ದಿದ್ರಿ. ನನ್ನ ಕೈಗಿಷ್ಟು ಬೆಂಕಿ ಹಾಕ."

ಅವರು ಕೈ ಮುಗಿದರು. ಆಮೇಲೆ ಸೆರಗಿನ ಮರೆಯಿಂದ ಒಂದು ಬಟ್ಟೆಯ ಸುರುಳಿ ತೆಗೆದು ಕೊಟ್ಟರು. ಪೆನ್ನಿಡಲು ಹೊಲಿದದ್ದು, ಸರಿಯಾಗಿ ಏಳು ಜೇಬು. ಮಬ್ಬುಗಣ್ಣಿನಲ್ಲಿ ಹೊಲಿದ ಹೊಲಿಗೆ ಅಲ್ಲಲ್ಲಿ ಓರೆಯಾಗಿತ್ತು. "ನಿಮ್ಮ ಹುಟ್ಟಿದ ದಿನಕ್ಕೆ ಅಂತಿದ್ದೆ. ಇವತ್ತೇ ತಗೊಳ್ಳಿ, ಕೋಪ ಮಾಡ್ಕೋಬೇಡಿ."

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಇದು: "ಹೋಗಲಿ ಬಿಡಿ. ಆಗಿದ್ದು ಆಯ್ತು."

ಅಂದರೆ ನಾನು ಅವರನ್ನು ಕ್ಷಮಿಸಿದೆ. ನಾನು, ಅವರನ್ನು.

ಎರಡು ದಿನ ಕಿಟಕಿಯಿಂದ ಕೆಳಗಿನ ಮಾತು ಕೇಳುತ್ತಲೇ ಇತ್ತು. ಬಂದ ಗಿರಾಕಿಗಳನ್ನೆಲ್ಲ ಮತ್ತೆ ಅಳೆಯುತ್ತಿದ್ದರು. ಟೇಲರಮ್ಮ ಪ್ರತಿಯೊಬ್ಬರಿಗೂ, "ನಂದೇ ತಪ್ಪು, ನೀರು ಚೆಲ್ಕೊಂಡೆ" ಎನ್ನುತ್ತಿದ್ದರು. ಮೂರನೆಯ ದಿನ ತಡೆಯಲಾರದೆ ಇಳಿದು ಹೋದೆ. ಬೇಕರಿಯವಳು ಕನ್ನಡಿಯ ಮುಂದೆ ನಿಂತಿದ್ದಳು.

"ಮೂವತ್ತು ವರ್ಷದ ಗಿರಾಕಿ ನಾನು. ಈಗ ಮೊದಲಿಂದ ಟೇಪ್ ಹಿಡೀತೀರಲ್ಲ! ವಯಸ್ಸಾಯ್ತು ನಿಮ್ಗೆ, ಸುಮ್ನೆ ಮೂಲೇಲಿ ಕೂತ್ಕೊಳ್ಳಿ."

"ಹೌದಮ್ಮ, ಆಯ್ತು" ಎಂದರು ಟೇಲರಮ್ಮ.

ಟೇಪು ಹಿಡಿದಿದ್ದ ಸೊಸೆ ಪಾಪ, ತನಗೆ ಕಂಡದ್ದನ್ನು ಗಟ್ಟಿಯಾಗಿ ಹೇಳಿದಳು: "ಅತ್ತೆ, ಇವರ ಬಲಭುಜ ಇಳಿದುಬಿಟ್ಟಿದೆ. ಸೊಟ್ಟ ಇದೆ."

ಬೇಕರಿಯವಳು ಕನ್ನಡಿಯಲ್ಲಿ ತನ್ನ ಭುಜವನ್ನು ನೋಡಿಕೊಂಡಳು. ಎಡಗೈ ನಿಧಾನವಾಗಿ ಮೇಲೆ ಬಂದು ಅದನ್ನು ಮುಚ್ಚಿತು. ಮೂವತ್ತು ವರ್ಷ ಒಂದು ಸಣ್ಣ ಪಟ್ಟಿ ಕಾಪಾಡಿದ್ದನ್ನು ನನ್ನ ಇಂಕು ಒಂದು ಕ್ಷಣದಲ್ಲಿ ಬಯಲಿಗೆ ಹಾಕಿತ್ತು.

"ತಪ್ಪು ಟೇಲರಮ್ಮಂದಲ್ಲ, ನಂದು" ಎಂದೆ. "ನೀರಿಗೆ ಹೋಗದ ಇಂಕಲ್ಲಿ ಬರೀರಿ ಅಂದಿದ್ರು. ಮನೇಲಿ ಇತ್ತು. ಆದ್ರೂ ನಾನು ಬೇರೇದ್ರಲ್ಲಿ ಬರೆದೆ. ಪೆನ್ನು ಕೆಡುತ್ತೆ ಅಂತ."

ಬೇಕರಿಯವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದಳು. ಟೇಲರಮ್ಮ ಮುಖವನ್ನು ನನ್ನ ಕಡೆ ತಿರುಗಿಸಿದರು.

"ಗೊತ್ತಿತ್ತಾ ನಿಮ್ಗೆ? ಓಡಿಹೋಗುತ್ತೆ ಅಂತ?"

"ಗೊತ್ತಿತ್ತು."

"ನಾನು ಮೆಟ್ಟಿಲು ಹತ್ತಿ ಬಂದು ಕೈ ಮುಗಿದಾಗ್ಲೂ?"

"ಆಗ್ಲೂ."

"ಬಟ್ಟಲು ಅಲ್ಲ್ಯಾಕಿಟ್ಟೆ ಅಂತ ಮೂರು ದಿನದಿಂದ ಈ ಹುಡುಗೀನ ಬೈತಾ ಇದ್ದೀನಲ್ಲ ನಾನು!"

ನಾನು ಸೊಸೆಯ ಕಡೆ ತಿರುಗಿ ಏನೋ ಹೇಳಹೋದೆ. ಅವಳು ಒಂದು ಸ್ಟೂಲನ್ನು ನನ್ನ ಕಾಲಿನ ಹತ್ತಿರ ತಳ್ಳಿದಳು. ಬೈಸಿಕೊಂಡವಳು ಅವಳು, ಕೂರಲು ಜಾಗ ನನಗೆ.

ಟೇಲರಮ್ಮ ಟೇಪು ಸುತ್ತಿಡುತ್ತಾ, "ನಾಳೆಯಿಂದ ಬನ್ನಿ" ಎಂದರು. "ಬರೆಯೋಕಲ್ಲ. ಇನ್ನು ಬರೆಯೋದು ಇವಳೇ. ನೀವು ಬಾಗಿಲ ಹತ್ರ ಕೂತು, ಮತ್ತೆ ಯಾಕೆ ಅಳತೆ ಅಂತ ಬಂದವ್ರಿಗೆಲ್ಲ ಹೇಳಿ. ನನ್ನನ್ನ ಅರಳುಮರಳು ಅಂತಿದ್ದಾರೆ ಜನ. ಅರಳುಮರಳಾದ ಮುದುಕಿ ಕಲಿಸಿದ ಸೊಸೆ ಕೈಗೆ ಯಾರು ಬಟ್ಟೆ ಕೊಡ್ತಾರೆ?"

ಹೋದೆ. ಮೊದಲಿಗೆ ಬಂದವನು ಅಂಚೆಯವನು. ಹೇಳುವಾಗ ನಾಲಿಗೆ ಒಣಗಿತು. ಅವನು ಪೂರ್ತಿ ಕೇಳಿ, "ಬಿಸಿಲಲ್ಲಿ ಕೂತಿದ್ದೀರಿ, ಸ್ವಲ್ಪ ಒಳಗೆ ಸರಿದು ಕೂತ್ಕೊಳ್ಳಿ" ಎಂದಷ್ಟೇ ಹೇಳಿ ಒಳಗೆ ಹೋದ. ಒಬ್ಬರು ನಕ್ಕರು. ಇನ್ನೊಬ್ಬರು, "ಓದಿದವರು ನೀವೇ ಹೀಗೆ ಮಾಡಿದ್ರೆ?" ಎಂದರು. ಬೇಕರಿಯವಳು ಬರಲೇ ಇಲ್ಲ. ಈಗ ಆಚೆ ಬೀದಿಯಲ್ಲಿ ಹೊಲಿಸುತ್ತಾಳಂತೆ. ಟೇಲರಮ್ಮ ಒಳಗಿನಿಂದ ಸೊಸೆಯ ಕಿವಿಯಲ್ಲಿ ಪಿಸುಗುಡುವುದು ಕೇಳುತ್ತಿತ್ತು: ಯಾವುದನ್ನು ಅಳೆಯಬೇಕು, ಯಾವುದರ ಬಗ್ಗೆ ಬಾಯಿಬಿಡಬಾರದು ಎಂದು. ನನ್ನೊಡನೆ ಅವರು ಮಾತಾಡಲಿಲ್ಲ.

ಆರನೆಯ ದಿನ ಒಬ್ಬ ಮೇಷ್ಟರಿಗೆ ಹೇಳುತ್ತಿದ್ದೆ. ಒಳಗಿನಿಂದ ಧ್ವನಿ ಬಂತು.

"ಅಕ್ಕಾ, ಅಷ್ಟುದ್ದ ಯಾಕೆ? ಕೇಳಿ ಮುಗಿಯೋ ಹೊತ್ತಿಗೆ ಅವರ ಅಳತೆ ಬದಲಾಗಿರುತ್ತೆ!"

ಮೇಷ್ಟರು ನಕ್ಕರು. ನಾನು ತಲೆ ತಗ್ಗಿಸಿದೆ. ಉದ್ದಕ್ಕೆ ಹೇಳುವಾಗ ಪೆನ್ನಿನ ನಾಲಿಗೆ, ಇಂಕಿನ ಗುಣ, ಮೂರು ವರ್ಷದ ಹುಡುಕಾಟ ಎಲ್ಲವೂ ಜೊತೆಗೆ ಬರುತ್ತಿದ್ದವು. ಮುಂದೆ ಬಂದವರಿಗೆ ಅವನ್ನೆಲ್ಲ ಬಿಟ್ಟು ಹೇಳಿದೆ. ಒಂದು ಉಸಿರಿನಲ್ಲಿ ಮುಗಿಯಿತು. ಹೇಳುವುದು ಮಾತ್ರ ಮೊದಲಿಗಿಂತ ಕಷ್ಟವಾಯಿತು.